ತಮ್ಮನ ಲೇತ್ ಮೇಲೆ ಕೂತುಬಿಟ್ಟೆ

ಕಳೆದ ವರ್ಷದ ಆಯುಧಪೂಜೆಯ ದಿನ ಶುರುವಾಗಿ ಅದೇ ವಾರದಲ್ಲಿ ಮುಗಿದ ಸಂಗತಿ ಇದು. ನೆನೆಸಿಕೊಂಡರೆ ಈಗಲೂ ನನ್ನ ಎದೆ ಢವಢವ ಹೊಡೆದುಕೊಳ್ಳುತ್ತದೆ. ಮರುಗಳಿಗೆಗೆ ನಗುವೂ ಬರುತ್ತದೆ.

ನಾನು ದಾವಣಗೆರೆಯ ವಿದ್ಯಾನಗರದವಳು. ನಮ್ಮ ಮನೆಯವರು ಹೈಸ್ಕೂಲ್ ಮೇಷ್ಟ್ರು. ನನಗಿರುವವನು ಒಬ್ಬನೇ ತಮ್ಮ, ನಾಗರಾಜ. ಹರಿಹರದಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದಾನೆ. ಬೇರೆಯವರ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದು, ಹಬ್ಬಕ್ಕೊಂದು ಹೊಸ ಅಂಗಿ ಕೂಡ ಹೊಲಿಸಿಕೊಳ್ಳದೆ ಕೂಡಿಟ್ಟು ಒಂದು ಲೇತ್ ಮಷಿನ್ ಕೊಂಡ. ಕಬ್ಬಿಣದ ತುಂಡನ್ನು ಹಿಡಿದು ಗರಗರ ತಿರುಗಿಸುತ್ತಾ ಬೇಕಾದ ಅಳತೆಗೆ ಕೆತ್ತುವ ಮಷಿನ್ ಅದು. ಅವನ ಹೊಟ್ಟೆಪಾಡು, ಮರ್ಯಾದೆ, ಊರಲ್ಲಿ ಅವನಿಗಿರುವ ಹೆಸರು ಎಲ್ಲವೂ ಆ ಮಷಿನ್ನಿಂದಲೇ. ವಯಸ್ಸು ನಲವತ್ತರ ಹತ್ತಿರ ಬಂದಿದೆ, ಮದುವೆ ಮಾತ್ರ ಆಗಿಲ್ಲ.

ಆಗಿಲ್ಲ ಅಂತ ನಾನೇನು ಕೈಕಟ್ಟಿ ಕೂತವಳಲ್ಲ. ಸಂಬಂಧ ನೋಡುವುದೆಂದರೆ ನನಗೆ ಒಂದು ಥರ ಹುಚ್ಚು. ಚನ್ನಗಿರಿ, ಹೊನ್ನಾಳಿ, ರಾಣೆಬೆನ್ನೂರು ಅಂತ ತಿರುಗದ ದಿಕ್ಕಿಲ್ಲ. ಯಾರ ಮನೆಗೆ ಹೋದರೂ ಚಾಪೆ ಮೇಲೆ ಕೂರುವ ಮುಂಚೆಯೇ ಎರಡು ಪ್ರಶ್ನೆ ಕೇಳಿಬಿಡುತ್ತೇನೆ. ನಿಮ್ಮ ಮನೆದೇವರು ಯಾವುದು, ನಿಮ್ಮ ಬೆಡಗು ಯಾವುದು. ಬೆಡಗು ಅಂದರೆ ವಂಶದ ಬಳ್ಳಿ. ಒಂದೇ ಬೆಡಗಿನವರು ಎಷ್ಟು ದೂರದ ಊರಲ್ಲಿದ್ದರೂ, ಒಬ್ಬರ ಮುಖ ಒಬ್ಬರು ಕಾಣದಿದ್ದರೂ ಅಣ್ಣ ತಂಗಿಯರೇ. ಅವರೊಳಗೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಇದು ನಮ್ಮ ಪೈಕಿ ಸ್ಲೇಟು ಹಿಡಿಯುವ ಮಕ್ಕಳಿಗೂ ಗೊತ್ತು. ಬೆಡಗು ಹೊಂದಿದ ಕಡೆಯೆಲ್ಲ "ಹುಡುಗ ಏನ್ ಮಾಡ್ತಾನ್ರಿ?" ಎಂಬ ಪ್ರಶ್ನೆ ಬರುತ್ತಿತ್ತು. "ಲೇತ್ ವರ್ಕ್‌ಶಾಪ್ ಐತ್ರಿ" ಎಂದ ಕೂಡಲೇ "ಹೌದೇನ್ರಿ" ಎಂದು ಚಹಾದ ಲೋಟ ಮುಂದೆ ಇಡುತ್ತಿದ್ದರು. ಆ ಚಹಾ ಕುಡಿದು ಎದ್ದು ಬಂದರೆ ಮುಗಿಯಿತು, ಮತ್ತೆ ಫೋನಿಲ್ಲ, ಮಾತಿಲ್ಲ.

ಆಯುಧಪೂಜೆಗೆ ಪ್ರತಿವರ್ಷ ನಾನು ಹರಿಹರಕ್ಕೆ ಹೋಗುತ್ತೇನೆ. ಅವತ್ತು ಹೋದಾಗ ತಮ್ಮ ಮಷಿನ್‌ಗೆ ಚೆಂಡು ಹೂವಿನ ಹಾರ ಹಾಕಿ, ವಿಭೂತಿ ಬಳಿದು, ಬಾಳೆಕಂಬ ಕಟ್ಟಿದ್ದ. ನಾನು ಎಲೆ ಮೇಲೆ ಮಂಡಕ್ಕಿ, ಪುಠಾಣಿ ಹಾಕುತ್ತಿದ್ದರೆ ಇವನು ಮಷಿನ್‌ನ ಫೋಟೋ ಮೇಲೆ ಫೋಟೋ ತೆಗೆದು ಯಾರಿಗೋ ಕಳಿಸುತ್ತಾ ತನ್ನಷ್ಟಕ್ಕೆ ನಗುತ್ತಿದ್ದ. ನಲವತ್ತರ ಗಂಡಸು ಹಾಗೆ ನಗುವುದನ್ನು ನೋಡಿದರೆ ಅಕ್ಕನಾದವಳಿಗೆ ತಿಳಿಯದೇ ಇರುತ್ತದೆಯೇ?

"ಯಾರೋ ಅದು?" ಎಂದೆ.

ಮೊದಲು ಹಾರಿಕೆಯ ಮಾತಾಡಿದ. ಆಮೇಲೆ ಕಿವಿಯವರೆಗೂ ಕೆಂಪಾಗಿ, "ಅಕ್ಕ, ಭಾವಗೆ ಈಗ್ಲೇ ಹೇಳ್‌ಬ್ಯಾಡ. ಒಂದು ಹುಡುಗಿ ಪರಿಚಯ ಆಗೈತೆ" ಎಂದ.

ನಾನು ಮಂಡಕ್ಕಿ ಪಾತ್ರೆ ಅಲ್ಲೇ ಇಟ್ಟು ಅವನ ಫೋನ್ ಕಸಿದುಕೊಂಡೆ. ಪಕ್ಕದ ವರ್ಕ್‌ಶಾಪಿನ ಗೆಳೆಯರು ತಮಾಷೆಗೆಂದು ಅವನ ಫೋನಿಗೆ ಒಂದು ಡೇಟಿಂಗ್ ಆ್ಯಪ್ ಹಾಕಿಕೊಟ್ಟಿದ್ದರಂತೆ. ಅದರಲ್ಲಿ ಸಿಕ್ಕವಳು. ಹೆಸರು ಸಹನಾ. ಸಿಂಗಾಪುರದಲ್ಲಿ ಕೆಲಸ, ಅಪ್ಪ ಅಮ್ಮ ಬೆಂಗಳೂರಿನಲ್ಲಿ, ಮೂಲ ಊರು ನಮ್ಮ ಹರಿಹರದ ಪಕ್ಕದ ಭಾನುವಳ್ಳಿ! ಫೋಟೋದಲ್ಲಿ ನಿಂಬೆಹಣ್ಣಿನ ಬಣ್ಣದ ಸೀರೆ ಉಟ್ಟು, ಮಲ್ಲಿಗೆ ಮುಡಿದು ನಿಂತಿದ್ದಳು. ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು. ವಿಡಿಯೊ ಕಾಲ್‌ನಲ್ಲಿ ನೋಡಿದ್ದೀಯೇನೋ ಎಂದರೆ, "ಅಲ್ಲಿ ಆಫೀಸಿನಾಗೆ ಕ್ಯಾಮೆರಾ ಹಚ್ಚಂಗಿಲ್ಲಂತೆ. ಬರೀ ಮಾತಾಡ್ತೀವಿ" ಎಂದ. ಇರಬಹುದು ಅಂದುಕೊಂಡೆ.

ಅಷ್ಟಕ್ಕೇ ಮುಗಿಯಲಿಲ್ಲ. ಸಹನಾ ಅವನಿಗೆ ಕ್ರಿಪ್ಟೋ ಎಂಬ ಡಿಜಿಟಲ್ ನಾಣ್ಯದ ವ್ಯಾಪಾರ ಹೇಳಿಕೊಟ್ಟಿದ್ದಳು. ಅವಳು ಕಳಿಸಿದ ಲಿಂಕ್ ಒತ್ತಿ, ಆ ನಾಣ್ಯ ಕೊಂಡು ಮಾರುವ ಒಂದು ಎಕ್ಸ್‌ಚೇಂಜ್ ಆ್ಯಪ್ ಹಾಕಿಕೊಂಡಿದ್ದ. ಮೊದಲು ಚೂರು ಹಣ ಹಾಕಿಸಿ, ಲಾಭ ಸೇರಿಸಿ ಅವನ ಬ್ಯಾಂಕಿನ ಖಾತೆಗೇ ವಾಪಸ್ ಬರುವಂತೆ ಮಾಡಿದ್ದಳಂತೆ. ಆ ಧೈರ್ಯದ ಮೇಲೆ ಇವನು ಇದ್ದಬದ್ದ ಉಳಿತಾಯವನ್ನೆಲ್ಲ ಅದರಲ್ಲಿ ಹಾಕಿದ್ದ. ತೆರೆದು ತೋರಿಸಿದ. ಹಸಿರು ಅಂಕಿಗಳು ನಾವು ನೋಡುತ್ತಿರುವಾಗಲೇ ಏರುತ್ತಿದ್ದವು. ನಾನೂ ಬಾಯಿ ಬಿಟ್ಟುಕೊಂಡು ನೋಡಿದೆ. ಹೆಣ್ಣೂ ಸಿಕ್ಕಿತು, ಲಕ್ಷ್ಮಿಯೂ ಜೊತೆಗೇ ಬಂದಳು ಎಂದು ಮನಸ್ಸಿನಲ್ಲೇ ಕಲ್ಯಾಣ ಮಂಟಪ ಗೊತ್ತು ಮಾಡುವುದಕ್ಕೆ ಶುರು ಮಾಡಿದೆ.

"ಫೋನ್ ಹಚ್ಚು, ನಾನು ಮಾತಾಡ್ತೀನಿ" ಎಂದೆ.

"ಅಕ್ಕ, ಬ್ಯಾಡ. ನೀನು ಏನೇನೋ ಕೇಳ್ತೀಯ."

"ಕೇಳ್ದೆ ಮದುವಿ ಮಾಡ್ತಾರೇನೋ? ಹಚ್ಚು!"

ಹಚ್ಚಿಕೊಟ್ಟು, ಪೂಜೆಯ ಮಂಡಕ್ಕಿ ಹಂಚಲು ಪಕ್ಕದ ಅಂಗಡಿಗಳಿಗೆ ಹೋದ. ಆ ಕಡೆಯಿಂದ ಜೇನು ಸುರಿದಂಥ ದನಿ. "ನಮಸ್ಕಾರ ಅಕ್ಕಾ, ಹಬ್ಬದ ಶುಭಾಶಯ. ನಾಗ್ ಯಾವಾಗ್ಲೂ ನಿಮ್ಮ ವಿಷ್ಯಾನೇ ಹೇಳ್ತಿರ್ತಾರೆ" ಎಂದಳು. ಬೆಂಗಳೂರಿನ ಕನ್ನಡ. ಅಕ್ಕ ಎಂದು ಕರೆದ ಕೂಡಲೇ ನಾನು ಕರಗಿಹೋದೆ.

"ನಿಮ್ಮ ಮನೆದೇವ್ರು ಯಾವುದಮ್ಮ?" ಎಂದೆ.

"ನಿಮ್ಮದು ಯಾವುದು ಅಕ್ಕಾ?" ಎಂದಳು. ನಾನು ಬಾಯಿಬಡುಕಿ, ಮೊದಲು ನಮ್ಮದನ್ನೇ ಹೇಳಿಬಿಟ್ಟೆ. "ಅಯ್ಯೋ, ನಮ್ಮದೂ ಅದೇ ಅಕ್ಕಾ!" ಎಂದಳು. ನನಗೆ ಕಣ್ಣಲ್ಲಿ ನೀರೇ ಬಂತು.

"ಬೆಡಗು ಯಾವುದವ್ವ? ನಮ್ದು ಜೀರಿಗೆಯೋರು."

"ನಮ್ಮದೂ ಜೀರಿಗೆಯವರೇ ಅಕ್ಕಾ! ನೋಡಿ, ಎಲ್ಲಾ ಎಷ್ಟು ಚೆನ್ನಾಗಿ ಮ್ಯಾಚ್ ಆಗ್ತಿದೆ!"

ಮುಂದೆ ಏನು ಮಾತಾಡಿದೆನೋ ನೆನಪಿಲ್ಲ. ಒಂದೇ ಬೆಡಗು! ಅಂದರೆ ಇವಳು ನಮ್ಮ ತಂಗಿಯಾಗಬೇಕು. ಇಷ್ಟು ವರ್ಷಕ್ಕೆ ಒಬ್ಬಳು ಹುಡುಗಿ ನನ್ನ ತಮ್ಮನನ್ನು ಒಪ್ಪಿದಳು, ಅವಳೇ ತಂಗಿಯಾಗಬೇಕೇ? ನೀವು ನಗಬಹುದು. ಆ ಹೊತ್ತಿನಲ್ಲಿ ಮೋಸ ಎಂಬ ಮಾತು ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ನನಗೆ ಬಂದದ್ದು ಬರೀ ಅಳು. ನಾಗರಾಜ ಒಳಗೆ ಬಂದು, "ಹೆಂಗೈತೆ ಅಕ್ಕ ಹುಡುಗಿ?" ಎಂದಾಗ ಹಬ್ಬದ ದಿನ ಅವನ ಮುಖ ಬಾಡಿಸಲು ಮನಸ್ಸಾಗದೆ, "ಬಂಗಾರದಂಥ ಹುಡುಗಿ ಕಣೋ" ಎಂದು ಬಸ್ ಹತ್ತಿ ಬಂದುಬಿಟ್ಟೆ.

ಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಒರಗಿ ಅಳುತ್ತಿದ್ದರೆ ನಮ್ಮ ಮನೆಯವರು ಬಂದು ವಿಷಯ ಕೇಳಿದರು. ಎಲ್ಲ ಹೇಳಿದೆ. ಬೆಡಗಿನ ವಿಷಯಕ್ಕೆ ಅವರು ತಲೆಕೆಡಿಸಿಕೊಳ್ಳಲಿಲ್ಲ. "ನಿನ್ನ ತಮ್ಮ ಮಷಿನ್‌ನಾಗೆ ತಿರುಗ್ಸಿದ್ದನ್ನ ಕಣ್ಮುಚ್ಚಿ ನಂಬ್ತೀನಿ. ಮೊಬೈಲ್‌ನಾಗೆ ತಿರುಗ್ಸಿದ್ದನ್ನ ನಂಬಾಕಾಗಲ್ಲ. ಆ ದುಡ್ಡು ತೆಗಿಯಾಕ ಬರ್ತೈತಾ ಕೇಳು" ಎಂದರು. ನನಗೆ ರೇಗಿ ಹೋಯಿತು. ನಮ್ಮ ತವರಿನವರು ಉದ್ಧಾರವಾದರೆ ಇವರಿಗೆ ಕಣ್ಣುರಿ ಎಂದು ಅವತ್ತು ಮಾತೇ ಬಿಟ್ಟೆ.

ಹಬ್ಬ ಕಳೆದ ಮೇಲೆ ಒಂದು ದಾರಿ ಹೊಳೆಯಿತು. ಭಾನುವಳ್ಳಿಯಲ್ಲಿ ನಮ್ಮ ತಾಯಿಯ ಕಡೆಯ ದೊಡ್ಡವ್ವ ಇದ್ದಾಳೆ, ಪಾರ್ವತವ್ವ. ಆ ಊರಿನ ಯಾವ ಮನೆಗೆ ಯಾವ ಊರಿಂದ ಸೊಸೆ ಬಂದಳು, ಯಾರ ಬೆಡಗು ಯಾವುದು ಎಲ್ಲ ಅವಳಿಗೆ ಬಾಯಿಪಾಠ. ಹುಡುಗಿ ಪಟ್ಟಣದಲ್ಲಿ ಬೆಳೆದವಳು, ಬೆಡಗಿನ ಹೆಸರು ತಪ್ಪಾಗಿ ಹೇಳಿರಬಹುದು. ದೊಡ್ಡವ್ವನನ್ನು ಕೇಳಿ ಸರಿಯಾದದ್ದು ತಿಳಿದುಕೊಂಡರೆ ಮದುವೆಗೆ ಅಡ್ಡಿಯೇ ಇಲ್ಲ! ಬೆಳಿಗ್ಗೆಯೇ ಹೊರಟೆ. ಹರಿಹರದಲ್ಲಿ ಬಸ್ ಬದಲಿಸುವಾಗ ತಮ್ಮನ ಕಡೆಗೆ ಹೋಗಲಿಲ್ಲ. ಒಳ್ಳೆಯ ಸುದ್ದಿ ಹಿಡಿದುಕೊಂಡೇ ಹೋಗುವ ಆಸೆ.

ಪಾರ್ವತವ್ವ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ನೀರು ಕುಡಿಯುವ ಮುಂಚೆಯೇ ಕೇಳಿದೆ.

"ಸಿಂಗಾಪುರನಾ?" ಎಂದು ಸುಲಿಯುವುದನ್ನು ನಿಲ್ಲಿಸಿದಳು. "ನಮ್ಮೂರಿಂದ ದುಬೈಗೆ ಹೋದೋರು ಅದಾರೆ, ಸಿಂಗಾಪುರಕ್ಕೆ ಯಾರೂ ಹೋಗಿಲ್ಲ. ಅಲ್ಲಲೇ, ಜೀರಿಗೆಯೋರ ಮನಿ ಈ ಊರಾಗೆ ಒಂದೂ ಇಲ್ಲ. ಹಿಂದೂ ಇರ್ಲಿಲ್ಲ. ಯಾರು ಹೇಳಿದ್ದು ನಿಂಗೆ?"

"ಆ ಹುಡುಗೀನೇ ಹೇಳಿದ್ಲು ದೊಡ್ಡವ್ವ. ನಿಮ್ದೂ ನಮ್ದೂ ಒಂದೇ ಬೆಡಗು, ಚೆನ್ನಾಗಿ ಹೊಂದ್ತೈತೆ ಅಂತ."

ಹಾಗೆ ಹೇಳುತ್ತಿದ್ದಂತೆ ನನ್ನ ಮಾತು ನನಗೇ ಕೇಳಿಸಿತು. ಒಂದೇ ಬೆಡಗು, ಚೆನ್ನಾಗಿ ಹೊಂದುತ್ತದೆ! ನಮ್ಮವರಲ್ಲಿ ಯಾವ ಹೆಣ್ಣುಮಗಳು ಹಾಗೆ ನಗುನಗುತ್ತಾ ಹೇಳುತ್ತಾಳೆ? ಬೆಂಗಳೂರಲ್ಲಿ ಬೆಳೆದರೇನು, ಸಿಂಗಾಪುರದಲ್ಲಿದ್ದರೇನು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕಿತ್ತು. ಗೊತ್ತಿದ್ದರೆ ಬೆಚ್ಚಿಬೀಳಬೇಕಿತ್ತು. ಮನೆದೇವರನ್ನೂ ಅವಳು ಹೇಳಲಿಲ್ಲ, ನಾನು ಹೇಳಿದ್ದಕ್ಕೆ ಹೂಂ ಅಂದಳು. ನಾನು ಏನು ಹೇಳಿದರೂ ನಮ್ಮದೂ ಅದೇ, ನಮ್ಮದೂ ಅದೇ. ಮನೆಯವರು ಆಡಿದ ಮಾತು ಆಗ ಗುಂಡಿನ ಹಾಗೆ ಬಂದು ಬಡಿಯಿತು. ಆ ದುಡ್ಡು ತೆಗೆಯೋಕೆ ಬರುತ್ತಾ?

ಜಗಲಿಯಿಂದ ಇಳಿದವಳೇ ನಾಗರಾಜನಿಗೆ ಫೋನ್ ಮಾಡಿದೆ. ಹಿಂದೆ ಸರಪಳಿಯ ಸದ್ದು, ಯಾರೋ "ಹುಷಾರು, ಹುಷಾರು" ಎಂದು ಕೂಗುವ ಸದ್ದು.

"ಅಕ್ಕ, ಆಮೇಲೆ ಮಾಡು. ಮಷಿನ್ ಒಯ್ಯಾಕೆ ಬಂದಾರೆ."

"ಯಾವ ಮಷಿನ್ನೋ?"

"ನಂದೇ. ಮಾರ್ತಿದೀನಿ. ಅಲ್ಲಿ ಲಾಭ ತೆಗಿಯಾಕೆ ಟ್ಯಾಕ್ಸ್ ಮುಂಚೆ ಕಟ್ಬೇಕಂತೆ, ಮಧ್ಯಾಹ್ನದೊಳಗೆ. ಇಲ್ಲಾಂದ್ರೆ ಅಕೌಂಟು ಲಾಕ್ ಆಗ್ತೈತೆ. ಸಹನಾನೂ ತನ್ನ ಪಾಲಿಂದು ಹಾಕ್ತಿದಾಳೆ. ಇಡ್ತೀನಿ" ಎಂದು ಕಟ್ ಮಾಡಿದ. ಮತ್ತೆ ಮಾಡಿದರೆ ಎತ್ತಲೇ ಇಲ್ಲ.

ಅವತ್ತು ಭಾನುವಳ್ಳಿಯಿಂದ ಹರಿಹರಕ್ಕೆ ಬಂದ ದಾರಿ ನನ್ನ ಜನ್ಮದಲ್ಲೇ ಉದ್ದದ ದಾರಿ. ಬಸ್ಸು ಹೊರಡಲು ತಡವೆಂದು ತಿಳಿದು, ಗೊಬ್ಬರದ ಚೀಲ ಹಾಕಿಕೊಂಡು ಹೊರಟಿದ್ದ ಲಗೇಜ್ ಆಟೋಕ್ಕೆ ಕೈ ಅಡ್ಡ ಹಿಡಿದೆ. ಡ್ರೈವರ್ ಪಕ್ಕ ಹಿಡಿಯಷ್ಟು ಜಾಗದಲ್ಲಿ ಕೂತು, "ಜೋರಾಗಿ ಹೊಡಿಯಪ್ಪ, ನನ್ನ ತಮ್ಮನ ಜೀವನ ಟೆಂಪೋ ಹತ್ತಾಕ ನಿಂತೈತೆ" ಎಂದೆ. ಅವನಿಗೆ ಏನು ಅರ್ಥವಾಯಿತೋ, ಕಾಲುವೆಯ ರಸ್ತೆಯ ಗುಂಡಿಗಳ ಮೇಲೆ ಹಾರಿಸಿಕೊಂಡೇ ಬಂದ. ನಾನು ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಮಾಂಗಲ್ಯ ಹಿಡಿದುಕೊಂಡು ನೆನಪಾದ ದೇವರನ್ನೆಲ್ಲ ಕರೆದೆ.

ವರ್ಕ್‌ಶಾಪಿನ ಮುಂದೆ ಇಳಿದಾಗ ಟೆಂಪೋ ಹಿಂಬದಿಯನ್ನು ಬಾಗಿಲಿಗೆ ತಾಗಿಸಿ ನಿಂತಿತ್ತು. ಹಬ್ಬದ ಬಾಳೆಕಂಬ ಒಣಗಿ ಪಕ್ಕಕ್ಕೆ ಬಿದ್ದಿತ್ತು. ಒಳಗೆ ಇಬ್ಬರು ಮಷಿನ್‌ನ ಬುಡದ ಬೋಲ್ಟು ಬಿಚ್ಚುತ್ತಿದ್ದರು. ಮೇಲಿನಿಂದ ಚೈನು ಇಳಿಬಿಟ್ಟಿದ್ದರು. ಹಳೆಯ ಮಷಿನ್‌ಗಳ ವ್ಯಾಪಾರಿ ರಹಮತ್ ಸಾಹೇಬರು ಕನ್ನಡಕ ಒರೆಸುತ್ತಾ ನಿಂತಿದ್ದರು. ನಾಗರಾಜ ಫೋನ್ ಕೈಯಲ್ಲಿ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದ.

ನಾನು ಯಾರನ್ನೂ ಮಾತಾಡಿಸಲಿಲ್ಲ. ಸೀದಾ ಒಳಗೆ ನುಗ್ಗಿ, ಸೀರೆ ಎತ್ತಿ ಕಟ್ಟಿ, ಪಕ್ಕದ ಸ್ಟೂಲಿನ ಮೇಲೆ ಕಾಲಿಟ್ಟು ಲೇತ್ ಮೇಲೆ ಹತ್ತಿ ಕೂತುಬಿಟ್ಟೆ.

ಎಲ್ಲರೂ ದಂಗಾಗಿ ನಿಂತರು. "ಅಕ್ಕ! ಏನಿದು? ಇಳಿ!" ಎಂದು ತಮ್ಮ ಕೂಗಿದ.

"ಇಳಿಯಲ್ಲ. ಒಯ್ಯೋದಿದ್ರೆ ನನ್ನೂ ಸೇರ್ಸಿ ಒಯ್ಯಿರಿ" ಎಂದೆ. ಉಟ್ಟಿದ್ದು ಹೊಸ ಇಳಕಲ್ ಸೀರೆ, ಅದಕ್ಕೆ ಗ್ರೀಸ್ ಮೆತ್ತುತ್ತಿರುವುದು ಗೊತ್ತಾಗುತ್ತಿತ್ತು. ಹಾಳಾಗಿ ಹೋಗಲಿ ಅಂದುಕೊಂಡೆ.

ರಹಮತ್ ಸಾಹೇಬರು ಗಂಭೀರವಾಗಿ, "ಅಕ್ಕಾರ, ಮಷಿನ್‌ದು ಸೌದಾ ಆಗೈತ್ರಿ, ಅಡ್ವಾನ್ಸೂ ಕೊಟ್ಟೀನಿ. ನಿಮ್ಮನ್ನ ಯಾವ ರೇಟಿನಾಗೆ ತೂಕ ಹಾಕ್ಲಿ ಹೇಳ್ರಿ?" ಎಂದರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

"ನಾಗೂ, ಆ ಹುಡುಗಿ ಸುಳ್ಳು. ಭಾನುವಳ್ಳಿಗೆ ಹೋಗಿ ಬಂದೀನಿ, ಅಲ್ಲಿ ಆ ಮನೀನೇ ಇಲ್ಲ. ನಿನ್ನ ದುಡ್ಡು ನಿನಗೆ ಕೊಡಾಕೆ ನಿನ್ನ ಹತ್ರಾನೇ ಮತ್ತೆ ದುಡ್ಡು ಯಾಕ ಕೇಳ್ತಾರೋ?"

"ಅದು ರೂಲ್ಸ್ ಅಕ್ಕ, ನಿನಗೆ ತಿಳಿಯಂಗಿಲ್ಲ. ಒಂದ್ಸಲ ಕಟ್ಟಿದ್ರೆ ಅಷ್ಟೂ ಬರ್ತೈತೆ. ಇಂಥ ನಾಕು ಮಷಿನ್ ತರ್ತೀನಿ."

"ಆಕಿ ನಮ್ಮದೂ ಜೀರಿಗೆಯೋರು ಅಂದ್ಲು. ಒಂದೇ ಬೆಡಗು!"

ಅವನ ಮುಖ ಕಪ್ಪಿಟ್ಟಿತು. "ನಿನ್ನ ಬೆಡಗು ಕಟ್ಕೊಂಡು ಇಷ್ಟು ವರ್ಷ ಕಳದೀನಿ. ಯಾವುದೋ ಒಂದು ಕೊಂಕು ತೆಗೆದು ಎಲ್ಲಾನೂ ಕೆಡಿಸ್ತೀಯ. ನಾನು ಮದುವಿ ಆಗೋದೇ ನಿನಗೆ ಬೇಕಾಗಿಲ್ಲ" ಎಂದ.

ಆ ಮಾತು ಎದೆಗೆ ಇರಿಯಿತು. ಆದರೂ ಕೂತಲ್ಲಿಂದ ಅಲ್ಲಾಡಲಿಲ್ಲ. "ಆಯ್ತಪ್ಪ. ಒಂದ್ಸಲ ಆಕಿಗೆ ಫೋನ್ ಹಚ್ಚು, ಎಲ್ಲರಿಗೂ ಕೇಳೋ ಹಂಗೆ. ನಾನು ಎರಡೇ ಮಾತು ಆಡ್ತೀನಿ. ಆಮೇಲೂ ಮಾರ್ತೀನಿ ಅಂದ್ರೆ ನಾನೇ ಇಳಿದು ಟೆಂಪೋ ಹತ್ಸಾಕ ಕೈ ಕೊಡ್ತೀನಿ" ಎಂದೆ.

ಸಿಟ್ಟಿನಲ್ಲೇ ಹಚ್ಚಿದ. ಅವಳು ಒಂದೇ ರಿಂಗಿಗೆ ಎತ್ತಿ, "ನಾಗ್, ಪೇಮೆಂಟ್ ಆಯ್ತಾ?" ಎಂದಳು.

"ನಾನಮ್ಮ, ನಾಗರಾಜನ ಅಕ್ಕ" ಎಂದೆ. "ಮೊನ್ನೆ ಒಂದು ತಪ್ಪಾತು ನೋಡು. ಜೀರಿಗೆಯೋರು ನನ್ನ ಗಂಡನ ಮನೆಯೋರ ಬೆಡಗು. ನಮ್ಮ ತವರಿಂದು ಮೆಣಸಿನೋರು."

ಒಂದು ಗಳಿಗೆಯೂ ತಡವಿಲ್ಲ. "ಹೌದಾ ಅಕ್ಕಾ? ನಾನೂ ಅಮ್ಮನ್ನ ಕೇಳಿದೆ, ನಮ್ಮದೂ ಮೆಣಸಿನವರೇ ಅಂತೆ! ನಾನೇ ತಪ್ಪು ಹೇಳಿದ್ದೆ. ನಾಗ್‌ಗೆ ಸ್ವಲ್ಪ ಬೇಗ ಕಟ್ಟೋಕೆ ಹೇಳಿ, ಟೈಮ್ ಆಗ್ತಿದೆ."

ಬೋಲ್ಟು ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು. ನಾನು ತಮ್ಮನ ಮುಖ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ. ಬಗ್ಗಿ ನೆಲದ ಮೇಲಿದ್ದ ಪಾನಾ ಎತ್ತಿಕೊಂಡ. ಬೋಲ್ಟು ತಿರುಗಿಸುವ ದಪ್ಪ ಸ್ಪ್ಯಾನರ್ ಅದು. ಅದನ್ನೇ ನೋಡುತ್ತಾ ಮೆಲ್ಲಗೆ ಹೇಳಿದ.

"ಸಹನಾ, ಅಕ್ಕಗೆ ಮರೆವು. ನಮ್ದು ಮೆಣಸಿನೋರೂ ಅಲ್ಲ. ನಮ್ಮ ಬೆಡಗು ಪಾನಾದೋರು ಅಂತ."

"ಅಯ್ಯೋ ಹೌದು ನಾಗ್! ಪಾನಾದವರು! ನಮ್ಮ ಅಜ್ಜಿ ಅದನ್ನೇ ಹೇಳ್ತಿದ್ರು, ಈಗ ನೆನಪಾಯ್ತು. ನೋಡಿದ್ರಾ, ದೇವರೇ ನಮ್ಮನ್ನ ಸೇರಿಸಿದಾನೆ. ಪೇಮೆಂಟ್ ಮಾಡಿ ಸ್ಕ್ರೀನ್‌ಶಾಟ್ ಕಳಿಸಿ ಪ್ಲೀಸ್."

ಯಾರೂ ನಗಲಿಲ್ಲ. "ಪಾನಾ ಅಂದ್ರೆ ಏನು ಅಂತ ಗೊತ್ತೇನು ನಿನಗೆ?" ಎಂದು ನಾಗರಾಜ ಕೇಳಿದ. ಮತ್ತೆ ಕೇಳಿದ. ಫೋನ್ ಕಟ್ಟಾಯಿತು. ಅವನು ತಿರುಗಿ ಮಾಡುವಷ್ಟರಲ್ಲಿ ಅವಳ ಫೋಟೋ ಮಾಯವಾಗಿತ್ತು. ನಂಬರ್ ಬ್ಲಾಕ್ ಆಗಿತ್ತು.

ಮೊದಲು ಮಾತಾಡಿದವರು ರಹಮತ್ ಸಾಹೇಬರು. ತಮ್ಮ ಆಳುಗಳಿಗೆ, "ಬೋಲ್ಟು ವಾಪಸ್ ಟೈಟ್ ಮಾಡ್ರೋ. ಲೆವೆಲ್ ನೋಡಿ ಮಾಡ್ರಿ" ಎಂದರು. ನಾಗರಾಜ ಅಡ್ವಾನ್ಸ್ ಹಣ ಹಿಂದಿರುಗಿಸಿದಾಗ ಜೇಬಿಗೆ ಹಾಕಿಕೊಂಡು, "ನನಗೇನು, ನಾಳೆ ಇನ್ನೊಂದು ಮಷಿನ್ ಸಿಗ್ತೈತ್ರಿ. ಜಲ್ದಿ ಪೊಲೀಸರ ಹತ್ರ ಹೋಗ್ರಿ, ಕೂಡ್‌ಬ್ಯಾಡ್ರಿ" ಎಂದು ಹೇಳಿ, ನನ್ನ ಕಡೆ ತಿರುಗಿ, "ಈಗಾದ್ರೂ ಇಳೀರಿ ಅಕ್ಕಾರ" ಎಂದರು. ಆಗ ನನಗೆ ತಡೆಯಲಾಗಲಿಲ್ಲ. ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು.

ಟೆಂಪೋದಲ್ಲೇ ನಮ್ಮಿಬ್ಬರನ್ನು ದಾವಣಗೆರೆಗೆ ಕಳಿಸಿಕೊಟ್ಟರು. ದಾರಿಯಲ್ಲೇ ಸೈಬರ್ ವಂಚನೆಯ ಸಹಾಯವಾಣಿಗೆ ಫೋನ್ ಮಾಡಿ ಹೇಳಿದೆವು. ಅಲ್ಲಿನ ಸೈಬರ್ ಪೊಲೀಸ್ ಠಾಣೆಯಲ್ಲಿ ಒಬ್ಬ ಮೇಡಂ ಅವನ ಫೋನ್ ನೋಡಿ, ಒಂದು ಮಾತೂ ಬೈಯದೆ ಎಲ್ಲ ಬಿಡಿಸಿ ಹೇಳಿದರು. ಆ ಆ್ಯಪ್ ಎಕ್ಸ್‌ಚೇಂಜೇ ಅಲ್ಲವಂತೆ. ಏರುತ್ತಿದ್ದ ಹಸಿರು ಅಂಕಿಗಳೆಲ್ಲ ಆ ವಂಚಕರೇ ಕೂತು ಏರಿಸುವ ಬರೀ ಚಿತ್ರವಂತೆ. ಮೊದಲು ವಾಪಸ್ ಬಂದ ಲಾಭ ಗಾಳಕ್ಕೆ ಸಿಕ್ಕಿಸಿದ ಹುಳ. "ಮುಖ ಕಾಣಿಸದವರು ಲಿಂಕ್ ಕಳಿಸಿ ಹೂಡಿಕೆ ಮಾಡಿಸಿದ್ರೆ ಅಲ್ಲಿಗೇ ನಿಲ್ಸಿಬಿಡಿ. ನಿಮ್ಮ ಹಣ ನಿಮಗೆ ಕೊಡೋಕೆ ಟ್ಯಾಕ್ಸ್ ಅಂತ ಮುಂಚೆನೇ ಕಟ್ಟಿ ಅಂದ್ರೆ ಅದು ನೂರಕ್ಕೆ ನೂರು ಮೋಸ" ಎಂದರು. ಇದನ್ನು ಓದುತ್ತಿರುವವರ ಮನೆಯಲ್ಲೂ ಫೋನ್ ನೋಡಿಕೊಂಡು ತನ್ನಷ್ಟಕ್ಕೆ ನಗುವವರು ಇದ್ದರೆ ದಯವಿಟ್ಟು ಈ ಮಾತು ದಾಟಿಸಿ. ಆ ಮೊದಲು ಹಾಕಿದ್ದ ಉಳಿತಾಯ ಇನ್ನೂ ಬಂದಿಲ್ಲ. ದೂರಿನ ತನಿಖೆ ನಡೆಯುತ್ತಿದೆ. ಮಷಿನ್ ಉಳಿಯಿತು.

ನಮ್ಮ ಮನೆಯವರು ಠಾಣೆಗೇ ಬಂದರು. ನಾನು ಹೇಳಿರಲಿಲ್ವಾ ಎಂಬ ಮಾತು ಅವರ ಬಾಯಿಂದ ಬರಬಹುದೆಂದು ಹೆದರಿದ್ದೆ. ಅವರು ನಾಗರಾಜನ ಹೆಗಲ ಮೇಲೆ ಕೈಯಿಟ್ಟು, "ನಡಿ, ದೋಸೆ ತಿನ್ನಾನ" ಎಂದರು ಅಷ್ಟೇ. ಆ ಬೆಣ್ಣೆ ದೋಸೆಯನ್ನು ಅವನು ಅರ್ಧಕ್ಕೇ ಬಿಟ್ಟ. ಒಬ್ಬನನ್ನೇ ಕಳಿಸಲು ನನಗೆ ಧೈರ್ಯವಾಗಲಿಲ್ಲ. ಗ್ರೀಸ್ ಹತ್ತಿದ ಸೀರೆಯಲ್ಲೇ ಅವನ ಜೊತೆ ಹರಿಹರಕ್ಕೆ ಹಿಂದಿರುಗಿದೆ.

ಇನ್ನೂ ಸಂಜೆಯ ಬೆಳಕಿತ್ತು. ಬೋಲ್ಟು ಬಿಚ್ಚಿ ಹಾಕಿದ್ದರಿಂದ ಮಷಿನ್ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಬೇಕೆಂದು ಸ್ವಿಚ್ ಹಾಕಿ, ಒಂದು ಕಬ್ಬಿಣದ ತುಂಡು ಸಿಕ್ಕಿಸಿ ತಿರುಗಿಸತೊಡಗಿದ. ಅವನ ಬಾಯಿಂದ ಒಂದು ಮಾತು ಹೊರಡಿಸಿದರೆ ಸಾಕಾಗಿತ್ತು ನನಗೆ. ಏನು ಮಾತಾಡಬೇಕೆಂದು ತೋಚದೆ, "ಅದೇನೋ ಮಾಡ್ತಿರೋದು?" ಎಂದೆ.

ಅವನು ಕೈ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಆಕಿ ಮೊದಲ್ನೇ ದಿನ ಕೇಳಿದ್ದು ಇದನ್ನೇ ಅಕ್ಕ" ಎಂದ. "ಇವತ್ತು ಏನ್ ಮಾಡಿದ್ರಿ ನಾಗ್ ಅಂತ. ಬುಷ್ ಮಾಡ್ದೆ ಅಂದೆ. ಬುಷ್ ಅಂದ್ರೇನು, ಎಲ್ಲಿ ಕೂರ್ತೈತೆ, ಅದಿಲ್ಲದಿದ್ರೆ ಏನಾಗ್ತೈತೆ ಅಂತ ದಿನಾ ಒಂದೊಂದು ಕೇಳೋಳು. ಇಷ್ಟು ಮನಿಗೆ ಹೋಗಿ ಕುಂತು ಬಂದ್ವಲ್ಲ, ಯಾರಾದ್ರೂ ಒಬ್ರು ಕೇಳಿದ್ರಾ? ದುಡ್ಡು ನೋಡಿ ನಂಬಿದ್ದಲ್ಲ ಅಕ್ಕ. ಅದಕ್ಕೇ ನಂಬಿದ್ದು."

ಸ್ಟೂಲು ಎಳೆದುಕೊಂಡು ಮಷಿನ್ ಪಕ್ಕದಲ್ಲಿ ಕೂತೆ. "ಬುಷ್ ಅಂದ್ರೇನೋ?" ಎಂದೆ. ಮೊದಲು ಮುಖ ಆ ಕಡೆ ತಿರುಗಿಸಿದ. ಆಮೇಲೆ, ತಿರುಗುವ ಸರಳು ಸವೆಯದ ಹಾಗೆ ಅದರ ಸುತ್ತ ಕೂರಿಸುವ ಬಳೆಯಂಥ ತುಂಡು ಎಂದು ಹೇಳಿದ. ಹೇಳುತ್ತಾ ಹೇಳುತ್ತಾ ದನಿ ಏರಿತು, ಕೈ ಆಡತೊಡಗಿತು, ಭತ್ತದ ಮಿಲ್ಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೂ ಹೋಯಿತು. ಕೊನೆಗೆ ಆ ತುಂಡನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟ. ಇನ್ನೂ ಬೆಚ್ಚಗಿತ್ತು.

ಹೆಣ್ಣು ನೋಡುವುದನ್ನು ನಾನ್ಯಾಕೆ ಬಿಡಲಿ, ಈಗಲೂ ನೋಡುತ್ತಿದ್ದೇನೆ. ಬೆಡಗನ್ನೂ ಕೇಳುತ್ತೇನೆ, ಅದನ್ನು ಬಿಡುವ ಮಾತೇ ಇಲ್ಲ. ಆದರೆ ದಿನಾ ಸಂಜೆ ತಮ್ಮನಿಗೆ ಫೋನ್ ಮಾಡಿ, ಇವತ್ತು ಏನು ತಿರುಗಿಸಿದೆ ಎಂದು ಮೊದಲು ಕೇಳುತ್ತೇನೆ. ಅವನು ಹೇಳುವುದರಲ್ಲಿ ಅರ್ಧಕ್ಕರ್ಧ ನನಗೆ ತಿಳಿಯುವುದಿಲ್ಲ. ಹಾಲು ಉಕ್ಕಿದರೂ ಫೋನ್ ಇಡುವುದಿಲ್ಲ. ಇನ್ನೊಬ್ಬಳು ಸಹನಾ ಕೇಳುವ ಮೊದಲು ನಾನು ಕೇಳಿಬಿಡಬೇಕು ಎಂಬ ಹಟ ನನಗೆ.